ಹವಾಲ್ದಾರರು ಹೊಲಿದ ಗೇಣುದ್ದದ ಅಂಗಿಗಳು

ನಮ್ಮ ಬ್ಯಾಂಕಿನ ಬಂದೂಕಿನ ನಳಿಗೆಯ ತುದಿಯಲ್ಲಿ ಬೊಂಬೆಯ ಕಾಲುಚೀಲ ಒಣಗುತ್ತಿದ್ದದ್ದನ್ನು ಕಣ್ಣಾರೆ ಕಂಡವಳು ನಾನು. ಪುತ್ತೂರಿನ ಮಳೆಗಾಲದಲ್ಲಿ ಸುಲಭಕ್ಕೆ ಯಾವುದೂ ಒಣಗುವುದಿಲ್ಲ. ನಮ್ಮ ಶಾಖೆಯಲ್ಲಿ ಸ್ವಲ್ಪ ಗಾಳಿ ಬರುತ್ತಿದ್ದದ್ದು ಬಾಗಿಲಿನ ಹತ್ತಿರ ಮಾತ್ರ, ಬಾಗಿಲಿನ ಹತ್ತಿರ ಉದ್ದಕ್ಕೆ ನಿಂತದ್ದು ಬಂದೂಕು ಮಾತ್ರ. ಹಾಗಾಗಿ ಅದರಲ್ಲಿ ತಪ್ಪೇನೂ ಇರಲಿಲ್ಲ. ಕಾಲುಚೀಲದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಹಳೇ ಬನಿಯನ್ನಿನ ತುಂಡಿಗೆ ಸೂಜಿ ಹಾಕುತ್ತಿದ್ದವರು ನಮ್ಮ ಕಾವಲಿನವರು. ಮಿಲಿಟರಿಯಿಂದ ಪೆನ್ಶನ್ ಆಗಿ ಬಂದವರಾದ್ದರಿಂದ ಎಲ್ಲರೂ ಅವರನ್ನು ಹವಾಲ್ದಾರರು ಎನ್ನುತ್ತಿದ್ದೆವು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಯಾರ ಬಾಯಲ್ಲೂ ಇರಲಿಲ್ಲ. ಈಗ ನಾನೊಬ್ಬಳು ಹೇಳಿ ಅದನ್ನು ಕೆಡಿಸುವುದು ಬೇಡ.

ಮೊನ್ನೆ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಅವರ ಚಿಕ್ಕ ಮಗಳು ಸಿಕ್ಕಿದಳು. ತಲೆ ನರೆತಿದೆ, ಮೊಮ್ಮಗುವನ್ನು ಎತ್ತಿಕೊಂಡಿದ್ದಳು. "ಅಪ್ಪ ಹೋದ್ರು ಅಕ್ಕಾ, ಎಂತದೂ ಕಷ್ಟ ಆಗ್ಲಿಲ್ಲ, ಚಾ ಕುಡ್ದು ಕೂತವರು ಹಾಗೇ" ಎಂದಳು. ತುಂಬ ಪ್ರಾಯವಾಗಿತ್ತು. ಬಸ್ಸು ಬಂತು, ಅವಳು ಹತ್ತಿದಳು. ಬಸ್ಸು ಹೋದ ಮೇಲೂ ನಾನು ಅಲ್ಲೇ ಕೂತು ಅವರ ಬಗ್ಗೆ ಯೋಚನೆ ಮಾಡಿದೆ. ನನ್ನ ಅಪ್ಪ ತೀರಿದಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ. ನನ್ನ ಅಪ್ಪ ಹೊಲಿಯುತ್ತಿರಲಿಲ್ಲ.

ನಾನು ಆ ಶಾಖೆಗೆ ಗುಮಾಸ್ತೆಯಾಗಿ ಸೇರಿದ್ದು ಎಪ್ಪತ್ತೆಂಟರಲ್ಲಿ. ಹವಾಲ್ದಾರರ ಮನೆ ಮಂಡೆಕೋಲಿನಲ್ಲಿ. ವಾರವಿಡೀ ಪುತ್ತೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹಿಡಿಯುತ್ತಿದ್ದರು. ಅವರ ಖಾಕಿ ಚೀಲದಲ್ಲಿ ಒಂದು ಡಬ್ಬಿ ಊಟ, ಒಂದು ಸೂಜಿ ಡಬ್ಬಿ, ಒಂದು ಕತ್ತರಿ, ಮತ್ತೆ ಊರಿನವರೆಲ್ಲ ಬಿಸಾಡಿದ ಹೆಣೆದ ಬಟ್ಟೆ: ಕಂಕುಳು ಹರಿದ ಬನಿಯನ್, ಹಿಮ್ಮಡಿ ಹೋದ ಕಾಲುಚೀಲ, ಯಾರೋ ಮುದುಕರು ಬಿಟ್ಟುಹೋದ ಮಂಕಿ ಟೋಪಿ, ಆಮೇಲಾಮೇಲೆ ದುಬೈಯಿಂದ ಬಂದವರು ಹಾಕಿ ಹಳತು ಮಾಡಿದ ಟೀ ಶರ್ಟು. ನಮ್ಮ ಕ್ಯಾಶಿಯರರಂತೂ ಬನಿಯನ್ ಹರಿಯುವ ಮೊದಲೇ ತಂದು ಕೊಡುತ್ತಿದ್ದರು. ಅವರಿಗೆ ಮೂವರು ಹೆಣ್ಣು ಮಕ್ಕಳು, ಮೂವರಿಗೂ ಬೊಂಬೆ.

ನೇಯ್ದ ಬಟ್ಟೆಯನ್ನು ಹವಾಲ್ದಾರರು ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಒಳ್ಳೆಯ ಪಾಪ್ಲಿನ್ ತುಂಡು ಕೊಟ್ಟರೆ ಬೆರಳಲ್ಲಿ ಎಳೆದು ನೋಡಿ ವಾಪಸು ಕೊಟ್ಟರು. "ಇದು ಬರುದಿಲ್ಲ ಮೇಡಂ. ಇದ್ದಷ್ಟೇ ಇರ್ತದೆ" ಎಂದರು. ಹೆಣೆದದ್ದು ಹಾಗಲ್ಲ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೆ ಕತ್ತರಿ ಹಾಕಿದರೆ ಅಂಚು ಸುರುಳಿ ಸುತ್ತುತ್ತದೆ, ಒಂದು ಎಳೆ ಜಾರಿದರೆ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಅವರು ಮೊದಲು ಹೊಲಿಯುತ್ತಿದ್ದರು, ಆಮೇಲೆ ಹೊಲಿಗೆಯ ಹೊರಗಿನಿಂದ ಕತ್ತರಿಸುತ್ತಿದ್ದರು. ನಮ್ಮ ಬೀದಿಯ ಟೈಲರ್ ಇದನ್ನು ನೋಡಿ ತಲೆಕೆಟ್ಟವರ ಕೆಲಸ ಎಂದಿದ್ದ. ಕಾಲುಚೀಲದ ಮೇಲಿನ ಬಿಗಿ ಭಾಗ ಬೊಂಬೆಯ ಲಂಗವಾಗುತ್ತಿತ್ತು. ಸೊಂಟಕ್ಕೆ ಇಲಾಸ್ಟಿಕ್ ಬೇಡ. ಸ್ವೆಟರಿನ ತೋಳು ಕೋಟಾಗುತ್ತಿತ್ತು. ಕೈಗವಸಿನ ಬೆರಳು ಬೊಂಬೆಯ ಕಾಲುಚೀಲ. ಇಷ್ಟೆಲ್ಲ ಕಲಿತದ್ದು ಎಲ್ಲಿ ಎಂದು ಕೇಳಿದರೆ, "ಮಿಲಿಟ್ರಿಯಲ್ಲಿ. ಅಲ್ಲಿ ಮೇಲೆ ಹಿಮದಲ್ಲಿ ಹರಿದ ಕಾಲುಚೀಲ ಹಾಕಿದ್ರೆ ಬೆರಳು ಹೋಗ್ತದೆ" ಎನ್ನುತ್ತಿದ್ದರು. ಶತ್ರುಗಳ ವಿಷಯ ಅವರು ಹೇಳಿದ್ದು ನನಗೆ ನೆನಪಿಲ್ಲ. ಕಾಲುಚೀಲದ ವಿಷಯ ಬಹಳ ಹೇಳಿದ್ದಾರೆ.

ಒಮ್ಮೆ ದೊಡ್ಡ ಆಫೀಸಿನಿಂದ ತಪಾಸಣೆಯವರು ಮುನ್ಸೂಚನೆ ಕೊಡದೆ ಬಂದರು. ಹವಾಲ್ದಾರರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಹೊಡೆದ ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಹಳದಿಯದ್ದೊಂದು ವಸ್ತು.

"ಏನದು?"

"ಚಡ್ಡಿ ಸಾರ್."

"ಯಾರದ್ದು?"

"ಕ್ಯಾಶಿಯರರ ಎರಡನೇ ಮಗಳ ಬೊಂಬೆಯದ್ದು ಸಾರ್."

ತಪಾಸಣೆಯವರು ಒಳಗೆ ಬಂದರು. ವರದಿಯಲ್ಲಿ ಕಸದ ಬುಟ್ಟಿಯ ಬಗ್ಗೆ ಬರೆದರು, ಗೋಡೆಯ ಸುಣ್ಣದ ಬಗ್ಗೆ ಬರೆದರು, ಚಡ್ಡಿಯ ಬಗ್ಗೆ ಬರೆಯಲಿಲ್ಲ. ಅದನ್ನು ಯಾವ ಕಲಮಿನಲ್ಲಿ ಹಾಕುವುದೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ನನ್ನ ಮಗಳ ಬೊಂಬೆಗೆ ಮೊದಲ ಅಂಗಿ ಹೊಲಿಸಿದಾಗ ಅದು ಸಡಿಲವಾಯಿತು. ಸ್ವಲ್ಪ ಬಿಗಿ ಮಾಡಿ ಕೊಡಿ ಎಂದೆ.

"ಬೆಳೀಲಿಕ್ಕೆ ಜಾಗ ಬಿಡ್ಬೇಕು ಮೇಡಂ."

"ಬೊಂಬೆ ಬೆಳೀತದಾ ಹವಾಲ್ದಾರ್ರೆ?"

"ಬೆಳೀದಿದ್ರೆ ನಷ್ಟ ಇಲ್ಲ. ಬೆಳೆದ್ರೆ ತೊಂದ್ರೆ ಆಗ್ಬಾರ್ದು."

ನಾನು ನಕ್ಕೆ. ಅವರು ನಗಲಿಲ್ಲ. ಅವರು ನಗುವವರೇ ಅಲ್ಲ ಎಂದು ಆಗ ಅಂದುಕೊಂಡೆ.

ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಅವರು, "ಇಬ್ರು, ಹೆಣ್ಣು ಮಕ್ಕಳು. ದೊಡ್ಡವಳಿಗೆ ಈಗ ಹದಿನೇಳು, ಚಿಕ್ಕವಳಿಗೆ ಹದಿನಾಲ್ಕು" ಎಂದು ಹೇಳುತ್ತಿದ್ದರು. ದೊಡ್ಡವಳು ತನ್ನ ನಾಲ್ಕನೇ ವರ್ಷದಲ್ಲಿ ಜ್ವರ ಬಂದು ಹೋಗಿದ್ದಾಳೆಂದು ಕ್ಯಾಶಿಯರರು ಹೇಳಿದರು. ಹವಾಲ್ದಾರರು ಆಗ ಗಡಿಯಲ್ಲಿದ್ದರು. ಸುದ್ದಿ ಮುಟ್ಟುವಾಗ ಇಲ್ಲಿ ಎಲ್ಲ ಮುಗಿದಿತ್ತು. ಆದರೆ ಹದಿನೇಳು ಎಂದದ್ದು ಸುಳ್ಳಲ್ಲ. ನಮ್ಮ ಕಡೆ ಸತ್ತ ಮಕ್ಕಳಿಗೂ ವಯಸ್ಸಾಗುತ್ತದೆ. ಅವು ಮನೆಯಲ್ಲೇ ಕಾಣದ ಹಾಗೆ ಬೆಳೆಯುತ್ತವೆ, ವಯಸ್ಸಿಗೆ ಬರುತ್ತವೆ, ಘಟ್ಟದ ಮೇಲಿನವರು ಆಷಾಢ ಎನ್ನುವ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಅವಕ್ಕೂ ಒಂದು ಎಲೆ ಉಂಟು. ಹವಾಲ್ದಾರರ ಹೆಂಡತಿ ಮಗಳ ಎಲೆಗೆ ಬಡಿಸುತ್ತಿದ್ದರು. ಹವಾಲ್ದಾರರು ಎಲೆಯ ಪಕ್ಕದಲ್ಲಿ ಗೇಣುದ್ದದ ಒಂದು ಹೊಸ ಅಂಗಿ ಇಡುತ್ತಿದ್ದರು. ಪ್ರತಿ ವರ್ಷ ಹೊಸತು. ಹೆಣೆದ ಬಟ್ಟೆಯದ್ದೇ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, "ಅಳತೆ ತೆಗೀಲಿಕ್ಕೆ ಆಗುದಿಲ್ವಲ್ಲ. ಇದಾದ್ರೆ ಹೇಗೂ ಹಿಗ್ತದೆ" ಎಂದರಂತೆ. ಆಕೆ ಮತ್ತೆ ಕೇಳಲಿಲ್ಲ.

ಕೆಲವು ವರ್ಷ ಕಳೆದು ಚಿಕ್ಕವಳಿಗೆ ಗಂಡು ನೋಡಲು ಶುರು ಮಾಡಿದಾಗ ತೊಂದರೆ ಬಂತು. ಬಂದವರೆಲ್ಲ ಒಪ್ಪುತ್ತಿದ್ದರು, ಹೋದ ಮೇಲೆ ಸುದ್ದಿ ಇರುತ್ತಿರಲಿಲ್ಲ. ಜೋಯಿಸರಲ್ಲಿ ಕೇಳಿದರೆ, ಅಕ್ಕ ಬಾಗಿಲಿಗೆ ಅಡ್ಡ ಕೂತಿದ್ದಾಳೆ, ಮೊದಲು ಅವಳಿಗೆ ಮದುವೆ ಮಾಡಿ ಎಂದರು. ಇದು ನಮ್ಮಲ್ಲಿ ಹೊಸತಲ್ಲ. ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ, ಎರಡು ಮನೆಯವರು ಕೂತು ಮಾತಾಡಿ, ಸೀರೆ ಕರಿಮಣಿ ಊಟ ಎಲ್ಲ ಇಟ್ಟು ಮಾಡುವ ಕುಲೆ ಮದುವೆ. ಮದುವೆಯಾದ ಮೇಲೆ ಹುಡುಗಿ ಗಂಡನ ಮನೆಗೆ ಸೇರಿದವಳು. ಎಲೆಯನ್ನು ಅಲ್ಲಿ ಹಾಕುತ್ತಾರೆ, ಇಲ್ಲಿ ಹಾಕುವುದಿಲ್ಲ.

ಹವಾಲ್ದಾರರು "ನೋಡುವಾ" ಎಂದರು. ಎರಡು ವರ್ಷ ಅದನ್ನೇ ಎಂದರು.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಕೇಳಿದೆ, ಯಾಕೆ ತಡ ಮಾಡುತ್ತೀರಿ ಎಂದು. ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, "ಹುಟ್ಟುವಾಗ ನಾನಿರ್ಲಿಲ್ಲ. ಹೋಗುವಾಗಲೂ ಇರ್ಲಿಲ್ಲ. ರಜೆಯಲ್ಲಿ ಬಂದ್ರೆ ಯಾರೋ ಮಾವ ಬಂದ್ರು ಅಂತ ಒಳಗೆ ಓಡ್ತಿದ್ಲು. ಪೆನ್ಶನ್ ಆದ ಮೇಲೆಯೇ ಮೇಡಂ ನಾವಿಬ್ರು ಒಟ್ಟಿಗೆ ಇರುದು. ಈಗ ಕಳಿಸಿ ಕೊಡಿ ಅಂತಾರೆ" ಎಂದರು. ನನಗೆ ಆವತ್ತು ಊಟ ಸೇರಲಿಲ್ಲ. ಅವರು ಉಂಡರು.

ಹುಡುಗರು ಸಿಗಲಿಲ್ಲ ಎಂದಲ್ಲ. ನೆಲ್ಯಾಡಿ ಕಡೆಯಿಂದ ಒಂದು ಸಂಬಂಧ ಬಂತು, ಹುಡುಗ ವರ್ಷ ತುಂಬುವ ಮೊದಲೇ ತೀರಿಕೊಂಡವ, ಹೋಗಿ ಐದಾರು ವರ್ಷ ಅಷ್ಟೇ. "ಬೇಡ, ಇವಳೇ ಅವನನ್ನು ಸಾಕ್ಬೇಕಾಗ್ತದೆ" ಎಂದು ಬಿಟ್ಟರು. ಇನ್ನೊಬ್ಬ ಪ್ರಾಯದವ, ಲಾರಿ ಓಡಿಸುತ್ತಿದ್ದವ, ಕುಡಿದು ಬಾವಿಗೆ ಬಿದ್ದಿದ್ದ. "ಕುಡಿಯುವವನಿಗೆ ಕೊಡುದಿಲ್ಲ" ಎಂದರು. ಈಗ ಎಲ್ಲಿ ಕುಡಿಯುತ್ತಾನೆ ಎಂದು ಸಂಬಂಧ ತಂದ ದಲ್ಲಾಳಿ ಕೇಳಿದ್ದಕ್ಕೆ, "ಅಭ್ಯಾಸ ಹೋಗ್ತದಾ?" ಎಂದು ತಿರುಗಿ ಕೇಳಿದರು.

ಇದೆಲ್ಲ ಮಾತುಕತೆ ಬ್ಯಾಂಕಿನ ಬಾಗಿಲಲ್ಲೇ ನಡೆಯುತ್ತಿದ್ದದ್ದು. ಆಗ ನಮ್ಮ ಮೆನೇಜರರು ಧಾರವಾಡದ ಕಡೆಯವರು, ಹೊಸಬರು, ಒಳ್ಳೆಯ ಮನುಷ್ಯ. ತನ್ನ ಕಾವಲಿನವರು ಮಗಳಿಗೆ ಬಂದ ಸಂಬಂಧಗಳನ್ನು ಒಂದೊಂದಾಗಿ ಬಿಡುತ್ತಿದ್ದದ್ದು ಅವರಿಗೆ ಸರಿ ಕಾಣಲಿಲ್ಲ. ಒಮ್ಮೆ ಹೊರಗೆ ಬಂದು, "ಏನ್ರೀ ಹವಾಲ್ದಾರ್ರ, ಇಷ್ಟು ಆರಿಸಿದ್ರ ಹುಡುಗ ಸಿಗೂದಿಲ್ರೀ. ಲಗ್ನ ಆದ ಮ್ಯಾಲೆ ಸುಧಾರಿಸ್ತಾರ್ರೀ" ಎಂದು ಬುದ್ಧಿ ಹೇಳಿದರು. ಹವಾಲ್ದಾರರು, "ಹೌದು ಸಾರ್" ಎಂದರು. ನಾವು ಯಾರೂ ಏನೂ ಹೇಳಲಿಲ್ಲ. ಹೇಳಬೇಕಾದ ವಿಷಯ ಅದರಲ್ಲಿ ಉಂಟೆಂದೇ ನಮಗೆ ತೋಚಿರಲಿಲ್ಲ.

ಕೊನೆಗೆ ಸುಳ್ಯದ ಒಬ್ಬ ಮೇಷ್ಟ್ರು ಚಿಕ್ಕವಳನ್ನು ಒಪ್ಪಿದರು. ಅವಳಿಗೂ ಮನಸ್ಸಾಯಿತು. ಆದರೆ ಅವರ ಮನೆಯ ಹಿರಿಯರು, ದೊಡ್ಡವಳದ್ದು ಮುಗಿಯಲಿ, ಆಮೇಲೆ ಮಾತು ಎಂದರು. ಹವಾಲ್ದಾರರ ಹೆಂಡತಿ ಬ್ಯಾಂಕಿಗೇ ಬಂದರು. ಕೊಡೆ ಮಡಚದೆ ಮೆಟ್ಟಿಲಲ್ಲೇ ನಿಂತು, "ಹೋದವಳನ್ನು ಬಿಡ್ಲಿಕ್ಕೆ ಆಗದೆ ಇದ್ದವಳನ್ನೂ ಮನೆಯಲ್ಲಿ ಕೂರಿಸ್ತೀರಿ" ಎಂದು ಇಷ್ಟೇ ಹೇಳಿ ಅದೇ ಕೊಡೆಯಲ್ಲಿ ವಾಪಸು ಹೋದರು. ಹವಾಲ್ದಾರರು ಆವತ್ತು ಹೊಲಿಯಲಿಲ್ಲ, ಬಂದೂಕು ಹಿಡಿದುಕೊಂಡು ಕೂತರು. ಗ್ರಾಹಕರು ಸ್ವಲ್ಪ ಹೆದರಿದರು.

ಕಾಣಿಯೂರಿನ ಹುಡುಗ ಸಿಕ್ಕಿದ್ದು ಹಾಗೆ. ಒಂದನೇ ಕ್ಲಾಸಿನಲ್ಲಿರುವಾಗ ಹಾವು ಕಚ್ಚಿ ಹೋದವ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಹವಾಲ್ದಾರರು ಹೋಗಿ ನೋಡಿ ಬಂದರು. ಎಂತ ನೋಡಿದರೋ ದೇವರಿಗೇ ಗೊತ್ತು. "ಅಡ್ಡಿ ಇಲ್ಲ. ಅಕ್ಷರ ಉರುಟು ಇತ್ತಂತೆ, ಚೆಂದ. ಬೀಡಿ ಇಲ್ಲ, ಕುಡಿಯುದಿಲ್ಲ" ಎಂದರು.

ಮದುವೆ ಆಟಿಯಲ್ಲಿ ಎಂದು ನಿಶ್ಚಯವಾಯಿತು. ಆಟಿಯಲ್ಲಿ ಬದುಕಿರುವವರ ಮದುವೆ ನಮ್ಮಲ್ಲಿ ಮಾಡುವುದಿಲ್ಲ. ಆಟಿಯಲ್ಲಿ ಮದುವೆ ಎಂದರೆ ಎಂತ ಮದುವೆ ಎಂದು ಪುತ್ತೂರಿನಲ್ಲಿ ಮಕ್ಕಳಿಗೂ ಗೊತ್ತು. ಮೆನೇಜರರಿಗೆ ಗೊತ್ತಿರಲಿಲ್ಲ.

ಕೆಲವರು ಬರೀ ಬಟ್ಟೆ ಇಟ್ಟು ಶಾಸ್ತ್ರ ಮಾಡುತ್ತಾರೆ, ಕೆಲವರು ಬೊಂಬೆ ಇಡುತ್ತಾರೆ. ಹವಾಲ್ದಾರರು ಎರಡೂ ಬೊಂಬೆ ತಾನೇ ಮಾಡುತ್ತೇನೆಂದರು. ಹುಡುಗನಿಗೆ ಬಿಳಿ ಬನಿಯನ್ನಿನ ಜುಬ್ಬ. ಹುಡುಗಿಯ ಸೀರೆ ರೇಷ್ಮೆಯದ್ದು, ಅದು ಗಂಡಿನ ಕಡೆಯಿಂದ ಬರಬೇಕಾದದ್ದು, ಅದರಲ್ಲಿ ಅವರ ಮಾತು ನಡೆಯಲಿಲ್ಲ. ರವಕೆಗೆ ತನ್ನ ಮಿಲಿಟರಿ ಸ್ವೆಟರಿನ ತೋಳು ತೆಗೆದರು. ಆ ಸ್ವೆಟರನ್ನು ಅವರು ಅಲ್ಲಿಯವರೆಗೆ ಒಂದು ಬೊಂಬೆಗೂ ಕತ್ತರಿಸಿರಲಿಲ್ಲ. ಹೆಂಡತಿ ನೋಡಿ, "ಮದುಮಗಳಿಗೆ ಹಸಿರು ಒಳ್ಳೆದೇ" ಎಂದರಂತೆ.

ನಾವು ನಾಲ್ಕೈದು ಜನ ಸುಳ್ಯದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಹವಾಲ್ದಾರರ ಮನೆಗೆ ಜೀಪಿನಲ್ಲಿ ಹೋದೆವು. ಮೆನೇಜರರೂ ಬಂದರು, ಸಫಾರಿ ಸೂಟಿನಲ್ಲಿ, ಮಡಿಲಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಪ್ರೆಶರ್ ಕುಕ್ಕರ್ ಇಟ್ಟುಕೊಂಡು. ಕುಕ್ಕರನ್ನು ಕಂಡಾಗಲೇ ನನಗೆ ಹೊಳೆದದ್ದು, ಇವರಿಗೆ ಯಾರೂ ಹೇಳಿಲ್ಲ ಎಂದು. ಕ್ಯಾಶಿಯರರ ಮುಖ ನೋಡಿದೆ. ಅವರು ಜೀಪಿನ ಹೊರಗೆ ನೋಡಿದರು. ಹೊರಗೆ ಮಳೆ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ಚಪ್ಪರ, ಒಳಗಿನಿಂದ ಕೋಳಿಯ ಪರಿಮಳ, ಎಲ್ಲ ಮದುವೆಯದ್ದೇ. ಮದುವೆಯಾಗದವರು ಇದನ್ನು ನೋಡಬಾರದಾದ್ದರಿಂದ ಚಿಕ್ಕ ಮಗಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಮೆನೇಜರರು ಕುಕ್ಕರ್ ಹಿಡಿದುಕೊಂಡು ಮಂಟಪದ ಹತ್ತಿರ ಹೋಗಿ, "ಹುಡುಗಿ ಎಲ್ಲಿ ಅದಾಳ್ರೀ?" ಎಂದು ಕೇಳಿದರು. ಒಬ್ಬ ಅಜ್ಜಿ ಮಣೆಯ ಕಡೆ ತೋರಿಸಿದರು. ಮಣೆಯ ಮೇಲೆ ಹಸಿರು ರವಕೆಯ ಗೇಣುದ್ದದ ಬೊಂಬೆ, ಪಕ್ಕದಲ್ಲಿ ಬಿಳಿ ಜುಬ್ಬದ್ದು. ಮೆನೇಜರರು ಬೊಂಬೆಯನ್ನು ನೋಡಿದರು, ಹವಾಲ್ದಾರರನ್ನು ನೋಡಿದರು, ತಾನು ಹೇಳಿದ ಬುದ್ಧಿಮಾತೆಲ್ಲ ನೆನಪಾಗಿರಬೇಕು, ಕಿವಿ ಕೆಂಪಾಯಿತು. ಆಮೇಲೆ ಬಗ್ಗಿ ಕುಕ್ಕರನ್ನು ಬೊಂಬೆಯ ಮುಂದೆ ಇಟ್ಟು, ಅಕ್ಷತೆ ಹಾಕಿ, ಬಂದು ನನ್ನ ಪಕ್ಕ ಕೂತರು. ಆ ಮನುಷ್ಯನ ಮೇಲೆ ನನಗೆ ಅವತ್ತಿನಿಂದ ಗೌರವ.

ಶಾಸ್ತ್ರ ನಡೆಸುತ್ತಿದ್ದ ಹಿರಿಯರು ಧಾರೆಯ ಹೊತ್ತಿಗೆ, "ಮಗಳನ್ನು ಕೊಟ್ಟೆ ಅಂತ ಹೇಳಿ" ಎಂದರು. ಹವಾಲ್ದಾರರು ಸುಮ್ಮನೆ ನಿಂತಿದ್ದರು. ಕೇಳಿಸಲಿಲ್ಲವೇನೋ ಎಂದು ಹಿರಿಯರು ಮತ್ತೆ ಹೇಳಿದರು. ಹೆಂಡತಿ ಗಂಡನ ಕೈಯ ಅಡಿಗೆ ತನ್ನ ಕೈ ಇಟ್ಟರು. "ಕೊಟ್ಟೆ" ಎಂದರು ಹವಾಲ್ದಾರರು, ಬ್ಯಾಂಕಿನಲ್ಲಿ ಯಾರಾದರೂ ಪೆನ್ನು ಕೇಳಿದರೆ ಹೇಳುವ ಸ್ವರದಲ್ಲಿ. ನಾನು ಅತ್ತೆ. ಊರಿನವರು ಅಳಲಿಲ್ಲ, ಅವರಿಗೆ ಊಟಕ್ಕೆ ಎಲೆ ಹಾಕುವ ಗಡಿಬಿಡಿ.

ಹುಡುಗನ ಅಮ್ಮ ಹೊರಡುವಾಗ ಬೊಂಬೆಗಳ ಜೊತೆ ಕುಕ್ಕರನ್ನೂ ಎತ್ತಿಕೊಂಡರು. ಸೊಸೆಗೆ ಬಂದ ಉಡುಗೊರೆ, ಬಿಟ್ಟು ಹೋಗುವುದು ಸರಿಯಲ್ಲ. ಬೊಂಬೆಗಳನ್ನು ಕಾಣಿಯೂರಿನಲ್ಲಿ ಒಂದು ಹಾಲೆ ಮರದ ಬುಡದಲ್ಲಿ ಬಿಟ್ಟರು, ಅದು ಕ್ರಮ. ಕುಕ್ಕರನ್ನು ಬಿಡಲಿಲ್ಲ. ವಾಪಸು ಬರುವಾಗ ಬಸ್ಸು ಪುತ್ತೂರಿನ ಹತ್ತಿರ ಬಂದ ಮೇಲೆ ಮೆನೇಜರರು, "ಮೊದಲ ಸಲ ಬರೇ ನೀರು ಹಾಕಿ ಕುದಿಸಬೇಕು ಅಂತ ಹೇಳೂದು ಮರತೆ ನೋಡ್ರೀ" ಎಂದರು.

ಬರುವ ಬೇಸಗೆಯಲ್ಲಿ ಚಿಕ್ಕವಳ ಮದುವೆಯೂ ಆಯಿತು. ಜೋಯಿಸರು ಹೇಳಿದ್ದು ಸರಿಯೋ, ಮೇಷ್ಟ್ರು ಒಳ್ಳೆಯವರೋ, ನಾನು ಹೇಳಲಾರೆ. ಆ ಮದುವೆಗೂ ಮೆನೇಜರರು ಕುಕ್ಕರನ್ನೇ ಕೊಟ್ಟರು. ಇಬ್ಬರಿಗೂ ಒಂದೇ ಸಮ ಇರಬೇಕೆಂದು.

ಆಮೇಲೆ ಮತ್ತೆ ಆಟಿ ಬಂತು. ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಟಿಗೆ ತವರಿಗೆ ಬಂದು ಕೂರಬೇಕು, ಅದು ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಹವಾಲ್ದಾರರು ಮೆನೇಜರರ ಮೇಜಿನ ಮುಂದೆ ಹೋಗಿ ನಿಂತರು.

"ರಜೆ ಬೇಕಿತ್ತು ಸಾರ್. ಮಕ್ಕಳು ಆಟಿಗೆ ಬರ್ತಾರೆ."

"ಇಬ್ರೂ ಏನ್ರೀ?"

"ಇಬ್ರೂ ಸಾರ್. ಇಬ್ರಿಗೂ ಮೊದಲ್ನೇದಲ್ವಾ."

"ಬರಬೇಕ್ರೀ ಮತ್ತ" ಎಂದು ಮೆನೇಜರರು ತಿಂಗಳಿಡೀ ರಜೆ ಕೊಟ್ಟರು. ಮರುದಿನ ಮನೆಯಿಂದ ತನ್ನ ನೀಲಿ ಉಣ್ಣೆಯ ಸ್ವೆಟರ್ ತಂದು, ಈ ಊರಿನಲ್ಲಿ ಇದನ್ನು ಹಾಕಿಕೊಂಡರೆ ಬೇಯುತ್ತೇನೆ ಎಂದು ಹವಾಲ್ದಾರರ ಚೀಲದೊಳಗೆ ತುರುಕಿದರು.

ಹೊರಡುವ ಮೊದಲು ಹವಾಲ್ದಾರರು ನನ್ನಲ್ಲಿ ಒಂದು ಮಾತು ಹೇಳಿದರು, ಸ್ವಲ್ಪ ತಗ್ಗಿದ ಸ್ವರದಲ್ಲಿ. "ಚಿಕ್ಕವಳನ್ನು ಕಳಿಸ್ತೇನೆ. ದೊಡ್ಡವಳನ್ನು ಈ ಸಲ ಬೇಗ ಕಳಿಸುದಿಲ್ಲ ಮೇಡಂ. ಆಟಿ ಮುಗಿದ ಮೇಲೂ ಎಂತಾದ್ರೂ ಕಾರಣ ಹೇಳಿ ಇಟ್ಕೊಳ್ತೇನೆ. ಚೌತಿ ಅಂತೇನೆ, ದೀಪಾವಳಿ ಅಂತೇನೆ. ಅವ್ರು ಬಂದು ಕೈ ಹಿಡ್ದು ಎಳ್ಕೊಂಡು ಹೋಗ್ತಾರಾ?" ಇಲ್ಲ ಎಂದೆ. ನನಗೂ ಅದೇ ಸರಿ ಕಂಡಿತು.

ರಜೆ ಇನ್ನೂ ಇರುವಾಗಲೇ ಒಂದು ಬೆಳಿಗ್ಗೆ ನೋಡಿದರೆ ಹವಾಲ್ದಾರರು ಸ್ಟೂಲಿನ ಮೇಲೆ ಕೂತಿದ್ದರು. ಚೀಲ ಬಿಚ್ಚಿರಲಿಲ್ಲ. ಏನಾಯಿತು ಎಂದೆ.

"ಕರೀಲಿಕ್ಕೆ ಕಾಣಿಯೂರಿಗೆ ಹೋಗಿದ್ದೆ" ಎಂದರು. "ಆ ಅಮ್ಮ ವೀಳ್ಯ ಕೊಟ್ರು, ಅಡ್ಡ ಮಾತಾಡ್ಲಿಲ್ಲ. ಮೆಟ್ಟಿಲಿನವರೆಗೆ ಬಂದು, ಕರ್ಕೊಂಡು ಹೋಗಿ, ಆದ್ರೆ ಆಟಿ ಮುಗಿದ ಕೂಡ್ಲೇ ಕಳಿಸ್ಬೇಕು ಅಂದ್ರು. ಇವ ಮೊದ್ಲೆಲ್ಲ ಒಬ್ಬನೇ ಇರ್ತಿದ್ದ, ಅಭ್ಯಾಸ ಇತ್ತು, ಇನ್ನು ಆಗ್ಲಿಕ್ಕಿಲ್ಲ ಅಂದ್ರು."

ಅವರು ಚೀಲದಿಂದ ಡಬ್ಬಿ ತೆಗೆದು ಸೂಜಿಗೆ ದಾರ ಹಾಕಿದರು.

"ಎಲ್ಲ ಮಾಡಿದೆವು ಮೇಡಂ. ಎಲೆ ಹಾಕಿದೆವು. ಮೆನೇಜರ್ ಸಾರ್ ಕೊಟ್ಟ ನೀಲಿಯಲ್ಲಿ ಒಂದು ಅಂಗಿ ಇಟ್ಟೆ. ಚಿಕ್ಕವಳೂ ಇದ್ಲು, ಮನೆ ತುಂಬಿತ್ತು. ಉಳಿದ ನೀಲಿಯಲ್ಲಿ ಆ ಹುಡುಗನಿಗೊಂದು ಸ್ವೆಟರ್ ಹೊಲ್ದೆ. ನಿನ್ನೆ ಹೋಗಿ ಕಾಣಿಯೂರಿನಲ್ಲಿ ಇಬ್ರ ಬಟ್ಟೆಯನ್ನೂ ಕೊಟ್ಟು, ಅವಳನ್ನು ಬಿಟ್ಟು ಬಂದೆ."

"ಆಟಿ ಮುಗೀಲಿಲ್ವಲ್ಲ ಹವಾಲ್ದಾರ್ರೆ?"

"ಮುಗೀಲಿಲ್ಲ" ಎಂದರು. "ಆದ್ರೆ ಅವ ಅಲ್ಲಿ ಒಬ್ಬನೇ ಅಲ್ವಾ."